ಊರಿನ ಕ್ರಮದಲ್ಲಿ ಕಟ್ಟಿದ ಮರ

ಉಡುಪಿಯಲ್ಲಿ ಮುಖ್ಯ ಕಚೇರಿ, ಉತ್ತರದಲ್ಲಿ ಬೈಂದೂರಿನವರೆಗೆ, ದಕ್ಷಿಣದಲ್ಲಿ ಮೂಲ್ಕಿಯವರೆಗೆ, ಘಟ್ಟದ ಕಡೆ ಕಾರ್ಕಳದವರೆಗೆ ಶಾಖೆಗಳು. ಹೀಗೆ ಹರಡಿಕೊಂಡ ಒಂದು ಸಹಕಾರಿ ಸಂಸ್ಥೆಯ ನೆಟ್‌ವರ್ಕನ್ನು ನಾನು ನೋಡಿಕೊಳ್ಳುತ್ತೇನೆ. ನಿಗಾ ಇಡಲು ಬಳಸುವುದು ನೆಟ್‌ಎಕ್ಸ್‌ಎಂಎಸ್ ಎಂಬ ಮುಕ್ತ ತಂತ್ರಾಂಶ.

ಇದರಲ್ಲಿ ಸಾಧನಗಳು ಮರದ ರೂಪದಲ್ಲಿ ಕಾಣಿಸುತ್ತವೆ. 'ಎಂಟೈರ್ ನೆಟ್‌ವರ್ಕ್' ಎಂಬ ಮರವನ್ನು ತಂತ್ರಾಂಶವೇ ಸಬ್‌ನೆಟ್ (ಐಪಿ ವಿಳಾಸಗಳ ಉಪಜಾಲ) ಪ್ರಕಾರ ಕಟ್ಟಿಕೊಳ್ಳುತ್ತದೆ. ಯಾವ ಐಪಿ ಯಾವ ಜಾಲದ್ದು ಎಂದು ಹುಡುಕುವಾಗ ಅದು ಸಾಕು. ಆದರೆ ಮೇ ತಿಂಗಳ ಸಂಜೆ ಸಿಡಿಲು ಬಡಿದು ಹತ್ತಾರು ಸಾಧನಗಳು ಒಟ್ಟಿಗೆ ಕೆಂಪಾದಾಗ, ಅಂದರೆ ಸಂಪರ್ಕಕ್ಕೆ ಸಿಗದಾದಾಗ, ನನಗೆ ಮೊದಲು ಬೇಕಾದದ್ದು ಐಪಿ ಅಲ್ಲ, ಊರು. ಹಾಗಾಗಿ 'ಇನ್‌ಫ್ರಾಸ್ಟ್ರಕ್ಚರ್ ಸರ್ವೀಸಸ್' ಅಡಿಯಲ್ಲಿ ನನ್ನದೇ ಮರ ಕಟ್ಟಿದೆ: ಉತ್ತರ, ದಕ್ಷಿಣ, ಒಳನಾಡು ಎಂಬ ಕಂಟೇನರ್‌ಗಳು (ಗುಂಪುಗಳು), ಅವುಗಳೊಳಗೆ ಶಾಖೆಗಳು, ಶಾಖೆಯೊಳಗೆ ರೂಟರ್, ಸ್ವಿಚ್, ಯುಪಿಎಸ್.

ಇಲ್ಲಿ ಒಂದು ದೊಡ್ಡ ಅನುಕೂಲವಿದೆ. ಒಂದೇ ಸಾಧನವನ್ನು ಎಷ್ಟು ಕಂಟೇನರ್‌ಗಳಿಗೆ ಬೇಕಾದರೂ ಜೋಡಿಸಬಹುದು, ಅದರ ಬೇರೆ ಪ್ರತಿ ಹುಟ್ಟುವುದಿಲ್ಲ. ಕುಂದಾಪುರದ ರೂಟರ್ ತನ್ನ ಶಾಖೆಯಲ್ಲೂ ಇದೆ, 'ಹೆದ್ದಾರಿ 66ರ ಫೈಬರ್' ಎಂಬ ಕಂಟೇನರ್‌ನಲ್ಲೂ ಇದೆ. ರಸ್ತೆ ಅಗೆತದಲ್ಲಿ ಕೇಬಲ್ ತುಂಡಾದರೆ ಆ ಎರಡನೆಯ ಗುಂಪಿನ ಸಾಧನಗಳು ಒಟ್ಟಾಗಿ ಕೆಂಪಾಗುತ್ತವೆ. ಒಂದು ಶಾಖೆಯ ವಿದ್ಯುತ್ ಮಾತ್ರ ಹೋಗಿದ್ದರೆ ಹಾಗಾಗುವುದಿಲ್ಲ. ಫೋನ್ ಎತ್ತುವ ಮೊದಲೇ ಯಾರಿಗೆ ಕರೆ ಮಾಡಬೇಕೆಂದು ಗೊತ್ತಾಗುತ್ತದೆ. ಗುಂಪಿನಿಂದ ತೆಗೆಯುವಾಗ ಮಾತ್ರ 'ಅನ್‌ಬೈಂಡ್' ಎಂದೇ ಒತ್ತಬೇಕು. 'ಡಿಲೀಟ್' ಒತ್ತಿದರೆ ಸಾಧನವೇ ಹೋಗುತ್ತದೆ, ಅದರ ಹಳೆಯ ದತ್ತಾಂಶವೂ ಹೋಗುತ್ತದೆ.

ಮರ ಕಟ್ಟಿದಷ್ಟೇ ಶ್ರಮ ಬಣ್ಣಗಳನ್ನು ಪಳಗಿಸುವುದಕ್ಕೂ ಬೇಕಾಯಿತು. ತನ್ನೊಳಗಿನ ಸಾಧನಗಳಲ್ಲಿ ಅತ್ಯಂತ ಗಂಭೀರವಾದ ಸ್ಥಿತಿಯನ್ನೇ ಕಂಟೇನರ್ ತಾನು ತೋರಿಸುವುದು ಇಲ್ಲಿನ ಮೂಲ ಕ್ರಮ. ಬೈಂದೂರಿನಲ್ಲಿ ಒಂದು ಪ್ರಿಂಟರ್ ಆಫ್ ಮಾಡಿದರೂ ಇಡೀ ಉತ್ತರ ಕೆಂಪಾಗುತ್ತದೆ ಎಂದರ್ಥ. ಪ್ರಿಂಟರ್‌ಗಳ ಗಂಭೀರ ಸ್ಥಿತಿ ಮೇಲಕ್ಕೆ ಏರುವಾಗ ಬರೀ ಎಚ್ಚರಿಕೆಯ ಮಟ್ಟಕ್ಕೆ ಇಳಿಯುವಂತೆ ಹೊಂದಿಸಿದ್ದೇನೆ. ಸ್ವಿಚ್‌ನ ಖಾಲಿ ಪೋರ್ಟ್‌ಗಳ (ಕೇಬಲ್ ಸಿಕ್ಕಿಸುವ ಕಿಂಡಿಗಳ) ನಿರೀಕ್ಷಿತ ಸ್ಥಿತಿಯನ್ನು 'ಇಗ್ನೋರ್' (ಲೆಕ್ಕಿಸಬೇಡ) ಎಂದು ಇಟ್ಟಿದ್ದೇನೆ.

ಪೋರ್ಟ್‌ಗಳ ವಿಷಯದಲ್ಲಿ ಇನ್ನೊಂದು ಮಾತು. ಪೋರ್ಟ್ ಜೀವಂತವಾಗಿದೆಯೇ ಎಂಬುದು ಸಾಧನಗಳ ಸ್ಥಿತಿ ಕೇಳಿ ತಿಳಿಯುವ ಎಸ್‌ಎನ್‌ಎಂಪಿ ಎಂಬ ಪ್ರೋಟೋಕಾಲ್‌ನ 1.3.6.1.2.1.2.2.1.8 ಎಂಬ ವಿಳಾಸದಲ್ಲಿ ಸಿಗುತ್ತದೆ; 1 ಎಂದರೆ ಚಾಲು, 2 ಎಂದರೆ ಬಂದ್. ವಿಳಾಸದ ಕೊನೆಗೆ ಸೇರುವ ಪೋರ್ಟ್ ಸೂಚ್ಯಂಕ ಕೆಲವು ಸ್ವಿಚ್‌ಗಳಲ್ಲಿ ಮರುಚಾಲನೆಯಾದಾಗ ಬದಲಾಗಬಹುದು. ಆದ್ದರಿಂದ ಸ್ವಿಚ್‌ನಲ್ಲೇ ಪ್ರತಿ ಮುಖ್ಯ ಪೋರ್ಟ್‌ಗೆ ಅದು ಎಲ್ಲಿಗೆ ಹೋಗುತ್ತದೆ ಎಂಬ ವಿವರಣೆ ಬರೆಯಿರಿ ಎಂದು ಹೊಸಬರಿಗೆ ಒತ್ತಿ ಹೇಳುತ್ತೇನೆ.

ದುರಸ್ತಿಯ ಸಮಯ ಮೊದಲೇ ಗೊತ್ತಿದ್ದರೆ ಆ ಶಾಖೆಯ ಕಂಟೇನರನ್ನೇ ನಿರ್ವಹಣಾ ಸ್ಥಿತಿಗೆ ಹಾಕುತ್ತೇನೆ. ದತ್ತಾಂಶ ಸಂಗ್ರಹ ನಿಲ್ಲುವುದಿಲ್ಲ. ರಾತ್ರಿ ಪಾಳಿಯವರಿಗೆ ಸುಳ್ಳು ಕರೆಗಂಟೆ ಮಾತ್ರ ಹೋಗುವುದಿಲ್ಲ.