ವಿಧಾನಸಭಾ ಕ್ಷೇತ್ರದ ಮತಚರಿತ್ರೆ ಓದುವುದು ಹೇಗೆ? ಮೊದಲು ಗಡಿ ಗುರುತಿಸಿ

ಒಂದು ಕ್ಷೇತ್ರದ ಚುನಾವಣಾ ಚರಿತ್ರೆಯನ್ನು ಬರೆಯಲು ಹೊರಟವರು ಸಾಮಾನ್ಯವಾಗಿ ಗೆದ್ದವರ ಪಟ್ಟಿಯಿಂದ ಆರಂಭಿಸುತ್ತಾರೆ. ಆದರೆ ಕ್ಷೇತ್ರದ ಹೆಸರು ಹಾಗೆಯೇ ಉಳಿದು ಅದರೊಳಗಿನ ಊರುಗಳು ಬದಲಾಗಿರುವ ಸಾಧ್ಯತೆ ಇರುವುದರಿಂದ, ಯಾವ ಚುನಾವಣೆಯಲ್ಲಿ ಯಾವ ಹಳ್ಳಿಗಳು ಮತ ಹಾಕಿದವು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಮೈಸೂರು ಜಿಲ್ಲೆಯ ಚಾಮುಂಡೇಶ್ವರಿ ಮತ್ತು ವರುಣಾ ಕ್ಷೇತ್ರಗಳನ್ನು ಉದಾಹರಣೆಯಾಗಿ ಇಟ್ಟುಕೊಂಡರೆ ಈ ಕೆಲಸದ ಕ್ರಮ ಸ್ಪಷ್ಟವಾಗುತ್ತದೆ.

ಮೊದಲಿಗೆ ಕ್ಷೇತ್ರ ಪುನರ್ವಿಂಗಡಣಾ ಆದೇಶವನ್ನು ಪಡೆದುಕೊಳ್ಳಿ. ಪ್ರತಿ ಕ್ಷೇತ್ರಕ್ಕೆ ಯಾವ ತಾಲ್ಲೂಕಿನ ಯಾವ ಹೋಬಳಿ ಸೇರಿದೆ, ಹೋಬಳಿ ಒಡೆದಿದ್ದರೆ ಅದರ ಯಾವ ಭಾಗ ಸೇರಿದೆ ಎಂಬ ವಿವರ ಅದರಲ್ಲಿರುತ್ತದೆ. ಕರ್ನಾಟಕದಲ್ಲಿ 1978ರಿಂದ 2004ರವರೆಗಿನ ಸಾರ್ವತ್ರಿಕ ಚುನಾವಣೆಗಳು 1971ರ ಜನಗಣತಿ ಆಧರಿಸಿದ ಗಡಿಗಳಲ್ಲಿ ನಡೆದವು. 2001ರ ಜನಗಣತಿ ಆಧರಿಸಿದ ಈಗಿನ ಗಡಿಗಳು 2008ರ ವಿಧಾನಸಭಾ ಚುನಾವಣೆಯಿಂದ ಜಾರಿಗೆ ಬಂದವು. ಆದ್ದರಿಂದ ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ 2008ರ ಮೇಲೆ ಒಂದು ದಪ್ಪ ಗೆರೆ ಎಳೆಯಿರಿ. ಗೆರೆಯ ಮೇಲಿನ ಅಂಕಿಗಳನ್ನೂ ಕೆಳಗಿನ ಅಂಕಿಗಳನ್ನೂ ನೇರವಾಗಿ ಹೋಲಿಸಕೂಡದು.

ಎರಡನೆಯದಾಗಿ, ತಾಲ್ಲೂಕು ನಕ್ಷೆಯ ಮೇಲೆ ಕ್ಷೇತ್ರದ ಗಡಿಯನ್ನು ಪೆನ್ಸಿಲ್‌ನಿಂದ ಗುರುತಿಸಿ. ಈ ಹಂತಕ್ಕೆ ಎಷ್ಟು ಸಮಯ ಕೊಟ್ಟರೂ ಹೆಚ್ಚಾಗದು ಎಂಬುದು ನನ್ನ ಅಭಿಪ್ರಾಯ. ಮೈಸೂರು ನಗರದ ಹೊರವಲಯವನ್ನು ಸುತ್ತುವರಿದಿದ್ದ ಹಳೆಯ ಚಾಮುಂಡೇಶ್ವರಿ ಕ್ಷೇತ್ರವು, ನಗರದ ಬಡಾವಣೆಗಳು ಹರಡುತ್ತ ಹೋದಂತೆ, ಮತದಾರರ ಸಂಖ್ಯೆಯಲ್ಲಿ ಬಹಳ ದೊಡ್ಡದಾಗಿ ಬೆಳೆದಿತ್ತು. 2008ರಲ್ಲಿ ಅದರ ಒಂದು ಭಾಗಕ್ಕೆ ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಹಳ್ಳಿಗಳನ್ನು ಸೇರಿಸಿ ವರುಣಾ ಎಂಬ ಹೊಸ ಕ್ಷೇತ್ರವನ್ನು ರಚಿಸಲಾಯಿತು. ಮೂರು ತಾಲ್ಲೂಕುಗಳಲ್ಲಿ ಹರಡಿದ್ದರೂ ಯಾವ ತಾಲ್ಲೂಕು ಕೇಂದ್ರವನ್ನೂ ಒಳಗೊಳ್ಳದ, ಕಪಿಲಾ ನದಿ ಮತ್ತು ವರುಣಾ ನಾಲೆಯ ಆಸರೆಯ ಗ್ರಾಮೀಣ ಕ್ಷೇತ್ರ ಇದು. ಇಲ್ಲಿನ ಮತದಾರರು ಮೈಸೂರು ಜಿಲ್ಲೆಯವರೇ ಆದರೂ ಲೋಕಸಭೆಗೆ ಮತ ಹಾಕುವುದು ಚಾಮರಾಜನಗರ ಕ್ಷೇತ್ರದಲ್ಲಿ. ನೆರೆಯ ಚಾಮುಂಡೇಶ್ವರಿಯವರು ಮತ ಹಾಕುವುದು ಮೈಸೂರು ಕ್ಷೇತ್ರದಲ್ಲಿ. ಮೀಸಲಾತಿಯ ಬದಲಾವಣೆಯನ್ನೂ ಇದೇ ನಕ್ಷೆಯ ಪಕ್ಕದಲ್ಲಿ ಬರೆದುಕೊಳ್ಳಿ. ಅದೇ ಪುನರ್ವಿಂಗಡಣೆಯಲ್ಲಿ ನಂಜನಗೂಡು ಸಾಮಾನ್ಯ ಕ್ಷೇತ್ರವಾಗಿದ್ದದ್ದು ಪರಿಶಿಷ್ಟ ಜಾತಿಗೆ ಮೀಸಲಾಯಿತು. ಅಲ್ಲಿ ಯಾರು ಸ್ಪರ್ಧಿಸಬಹುದು ಎಂಬುದೇ ಬದಲಾದ ಮೇಲೆ ಹಿಂದಿನ ಫಲಿತಾಂಶಗಳ ಅರ್ಥವೂ ಬೇರೆಯಾಗುತ್ತದೆ.

ಮೂರನೆಯ ಹಂತದಲ್ಲಿ ಚುನಾವಣಾ ಆಯೋಗದ ಅಂಕಿಅಂಶ ವರದಿಗಳಿಂದ ಪ್ರತಿ ಚುನಾವಣೆಯ ಮತಗಳನ್ನು ಬರೆದುಕೊಳ್ಳಿ. ಸಾರ್ವತ್ರಿಕ ಚುನಾವಣೆಯ ವರದಿಯಲ್ಲಿ ಉಪಚುನಾವಣೆಗಳು ಇರುವುದಿಲ್ಲವಾದ್ದರಿಂದ ಅವುಗಳನ್ನು ಪ್ರತ್ಯೇಕವಾಗಿ ಹುಡುಕಬೇಕು. ಹುಡುಕದೆ ಹೋದರೆ ಚಾಮುಂಡೇಶ್ವರಿಯ ಚರಿತ್ರೆಯ ಅತಿ ಮುಖ್ಯ ಪುಟವೇ ತಪ್ಪಿಹೋಗುತ್ತದೆ. ಜಾತ್ಯತೀತ ಜನತಾದಳದಿಂದ (ಜೆಡಿಎಸ್) ಹೊರಬಿದ್ದು ಕಾಂಗ್ರೆಸ್ ಸೇರಿದ ಸಿದ್ದರಾಮಯ್ಯನವರು 2006ರ ಡಿಸೆಂಬರ್‌ನ ಉಪಚುನಾವಣೆಯಲ್ಲಿ 1,15,512 ಮತ ಪಡೆದರೆ, ಜೆಡಿಎಸ್‌ನ ಶಿವಬಸಪ್ಪನವರು 1,15,255 ಮತ ಪಡೆದರು. ಅಂತರ ಕೇವಲ 257, ಅಂದರೆ ಇಬ್ಬರ ಒಟ್ಟು ಮತಗಳಲ್ಲಿ ಸಾವಿರಕ್ಕೆ ಸುಮಾರು ಒಂದು.

ಈಗ ಗೆರೆಯ ಕೆಳಗೆ ಬನ್ನಿ. 2008ರಲ್ಲಿ ವರುಣಾದಿಂದ ಸ್ಪರ್ಧಿಸಿದ ಸಿದ್ದರಾಮಯ್ಯನವರು 71,908 ಮತ ಪಡೆದು, 53,071 ಮತ ಪಡೆದ ಬಿಜೆಪಿಯ ರೇವಣಸಿದ್ದಯ್ಯನವರನ್ನು 18,837 ಮತಗಳಿಂದ ಸೋಲಿಸಿದರು. ಮತಗಳು ಕಡಿಮೆಯಾದವು, ಅಂತರ ಹೆಚ್ಚಿತು. ಇದನ್ನು ನೋಡಿ ಅವರ ಬೆಂಬಲ ಕುಗ್ಗಿತೆಂದೋ ಹಿಗ್ಗಿತೆಂದೋ ಹೇಳುವುದು ಸರಿಯಲ್ಲ. ಮೊದಲೆರಡು ಸ್ಥಾನದವರ ಒಟ್ಟು ಮತ 2,30,767ರಿಂದ 1,24,979ಕ್ಕೆ ಇಳಿದಿರುವುದೇ ಇವೆರಡು ಬೇರೆ ಬೇರೆ ಗಾತ್ರದ ಕ್ಷೇತ್ರಗಳು ಎಂಬುದನ್ನು ಹೇಳುತ್ತದೆ. ಅದರ ಬದಲು ವರುಣಾದ ಅಂತರಗಳನ್ನು ಪರಸ್ಪರ ಹೋಲಿಸಬಹುದು: 2013ರಲ್ಲಿ 29,641, ಪುತ್ರ ಯತೀಂದ್ರ ಸ್ಪರ್ಧಿಸಿದ 2018ರಲ್ಲಿ 58,616, ವಿ. ಸೋಮಣ್ಣನವರ ಎದುರು 2023ರಲ್ಲಿ 46,163. ಗಡಿ ಒಂದೇ ಆಗಿರುವುದರಿಂದ ಇಲ್ಲಿನ ಏರಿಳಿತಕ್ಕೆ ಅಭ್ಯರ್ಥಿ, ಎದುರಾಳಿ ಮತ್ತು ಆ ವರ್ಷದ ರಾಜಕೀಯದಲ್ಲಿ ಕಾರಣ ಹುಡುಕುವುದು ನ್ಯಾಯವಾಗುತ್ತದೆ.

2018ರಲ್ಲಿ ಚಾಮುಂಡೇಶ್ವರಿಗೆ ಮರಳಿದ ಸಿದ್ದರಾಮಯ್ಯನವರು ಜಿ.ಟಿ. ದೇವೇಗೌಡರ ಎದುರು 36,042 ಮತಗಳಿಂದ ಸೋತರು. ಹಳೆಯ ಕ್ಷೇತ್ರವೇ ಅವರನ್ನು ಕೈಬಿಟ್ಟಿತೆಂದು ಬರೆಯುವ ಮೊದಲು ನಕ್ಷೆಯನ್ನು ನೋಡಬೇಕು. ಅವರ ಹುಟ್ಟೂರು ಸಿದ್ದರಾಮನಹುಂಡಿ 2008ರಿಂದಲೇ ವರುಣಾದೊಳಗಿತ್ತು. 1983ರಲ್ಲಿ ಅವರನ್ನು ಮೊದಲ ಬಾರಿ ಗೆಲ್ಲಿಸಿದ ಚಾಮುಂಡೇಶ್ವರಿಯೂ 2018ರಲ್ಲಿ ಸೋಲಿಸಿದ ಚಾಮುಂಡೇಶ್ವರಿಯೂ ಹೆಸರಿನಲ್ಲಿ ಒಂದೇ ಆದರೂ ನೆಲದ ಮೇಲೆ ಒಂದಲ್ಲ.

ಕೊನೆಯ ಹಂತ ಮತಗಟ್ಟೆವಾರು ಲೆಕ್ಕ. ಇದು ‘ನಮೂನೆ 20’ ಎಂಬ ದಾಖಲೆಯಲ್ಲಿ ಸಿಗುತ್ತದೆ. ಪ್ರತಿ ಮತಗಟ್ಟೆಯಲ್ಲಿ ಪ್ರತಿ ಅಭ್ಯರ್ಥಿಗೆ ಬಿದ್ದ ಮತಗಳನ್ನು ಅದರಲ್ಲಿ ಸಾಲುಸಾಲಾಗಿ ಕೊಟ್ಟಿರುತ್ತಾರೆ. ಅಂಚೆ ಮತಗಳು ಪ್ರತ್ಯೇಕ ಸಾಲಿನಲ್ಲಿರುವುದರಿಂದ ಅವುಗಳನ್ನು ಯಾವ ಊರಿಗೂ ಸೇರಿಸಬೇಡಿ. ‘ನೋಟಾ’ ಕಾಲಂ ಕರ್ನಾಟಕದ ವಿಧಾನಸಭಾ ಸಾರ್ವತ್ರಿಕ ಚುನಾವಣೆಗಳಲ್ಲಿ 2018ರಿಂದ ಮಾತ್ರ ಕಾಣುತ್ತದೆ. ಮತದಾರರು ಹೆಚ್ಚಾದಾಗ ಒಂದು ಮತಗಟ್ಟೆಯನ್ನು ಎರಡಾಗಿ ಮಾಡುವುದರಿಂದ ಕ್ರಮಸಂಖ್ಯೆಗಳು ಚುನಾವಣೆಯಿಂದ ಚುನಾವಣೆಗೆ ಸರಿಯುತ್ತವೆ; ಆದ್ದರಿಂದ ಸಂಖ್ಯೆಯನ್ನು ನಂಬದೆ, ಮತಗಟ್ಟೆ ಇರುವ ಶಾಲೆ ಮತ್ತು ಹಳ್ಳಿಯ ಹೆಸರನ್ನು ಹಿಡಿದು ಹೊಂದಿಸಿ, ಒಂದೇ ಹಳ್ಳಿಯ ಎಲ್ಲ ಮತಗಟ್ಟೆಗಳನ್ನು ಕೂಡಿಸಿ ಪೆನ್ಸಿಲ್ ನಕ್ಷೆಯ ಮೇಲೆ ಆ ಊರಿನ ಪಕ್ಕದಲ್ಲೇ ಬರೆಯಿರಿ.