ಚಕ್ರದ ಮೂರನೆಯ ಹೆಜ್ಜೆ: ಲೇತ್ ಯಂತ್ರದ ಬಳಿಯಿಂದ ಮನೆಯ ಬಿ.ಪಿ. ಪುಸ್ತಕದವರೆಗೆ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಬಹುಪಾಲು ಕಾರ್ಖಾನೆಗಳ ಕಚೇರಿ ಗೋಡೆಯ ಮೇಲೆ ನಾಲ್ಕು ಭಾಗಗಳ ಒಂದು ವೃತ್ತವನ್ನು ಕಾಣಬಹುದು: ಯೋಜಿಸಿ, ಮಾಡಿ, ಪರಿಶೀಲಿಸಿ, ಸರಿಪಡಿಸಿ. ನಾವು ಪಿಡಿಸಿಎ (ಪ್ಲಾನ್, ಡು, ಚೆಕ್, ಆಕ್ಟ್) ಎಂದು ಕರೆಯುವ ಈ ಚಕ್ರಕ್ಕೆ ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 9001ರ 2015ರ ಆವೃತ್ತಿಯಲ್ಲಿಯೂ ಸ್ಥಾನವಿರುವುದರಿಂದ, ಆಡಿಟ್ ಹತ್ತಿರ ಬಂದಂತೆ ಅದರ ಫಾರಂಗಳು ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ, ಒಂದೇ ರಾತ್ರಿಯಲ್ಲಿ ಭರ್ತಿಯಾಗುವುದನ್ನು ನಮ್ಮ ಕಸುಬಿನವರೆಲ್ಲರೂ ನೋಡಿರುತ್ತಾರೆ. ನಾನು ಅಲ್ಲಿನ ಒಂದು ಸಣ್ಣ ಮಷೀನ್ ಶಾಪಿನಲ್ಲಿ, ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹವನ್ನು ತಿರುಗಿಸಿ ಕತ್ತರಿಸುವ ಸಿಎನ್‌ಸಿ ಲೇತ್ ವಿಭಾಗದ ಮೇಲ್ವಿಚಾರಣೆ ನೋಡಿಕೊಳ್ಳುವವನು. ಈ ಚಕ್ರವನ್ನು ಶಾಪಿನಲ್ಲಿಯೂ ಮನೆಯಲ್ಲಿಯೂ ಬಳಸುತ್ತ ಬಂದ ಮೇಲೆ ನನಗೆ ಮನವರಿಕೆಯಾದದ್ದೇನೆಂದರೆ, ಯೋಜನೆ ಹಾಕುವುದರಲ್ಲಾಗಲಿ ಕೆಲಸಕ್ಕೆ ಇಳಿಯುವುದರಲ್ಲಾಗಲಿ ನಮ್ಮವರು ಹಿಂದೆ ಬೀಳುವುದಿಲ್ಲ. ಮೂರನೆಯ ಹೆಜ್ಜೆಯಾದ ಪರಿಶೀಲನೆಗೆ ಮೊದಲೇ ಮಾಡಿಕೊಳ್ಳಬೇಕಾದ ಎರಡು ಸಿದ್ಧತೆಗಳನ್ನು ಮಾತ್ರ ಬಿಟ್ಟುಬಿಡುತ್ತಾರೆ. ಏನಾಗಬಹುದೆಂಬ ಊಹೆಯನ್ನು ಕೆಲಸಕ್ಕೆ ಮುಂಚೆಯೇ ಬರೆದಿಡುವುದು ಒಂದು, ಅಳೆಯುವ ಕ್ರಮವೇ ನಂಬಿಕೆಗೆ ಅರ್ಹವೇ ಎಂದು ನೋಡಿಕೊಳ್ಳುವುದು ಇನ್ನೊಂದು.

ನಮ್ಮಲ್ಲಿ 25 ಮಿಲಿಮೀಟರ್ ವ್ಯಾಸದ ಉಕ್ಕಿನ ಶಾಫ್ಟ್ (ದುಂಡನೆಯ ದಂಡ) ಒಂದು ತಯಾರಾಗುತ್ತದೆ. ಡ್ರಾಯಿಂಗಿನ ಪ್ರಕಾರ ಅದರ ವ್ಯಾಸ 25.000ಕ್ಕಿಂತ ಹೆಚ್ಚಾಗಬಾರದು, 24.979ಕ್ಕಿಂತ ಕಡಿಮೆಯಾಗಬಾರದು, ಅಂದರೆ ನಮಗಿರುವ ಅವಕಾಶ 21 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್). ಗ್ರಾಹಕರ ಕಡೆಯಿಂದ ಕೆಲವು ಶಾಫ್ಟ್‌ಗಳು ಸಣ್ಣದಾಗಿವೆ ಎಂದು ವಾಪಸ್ ಬರತೊಡಗಿದಾಗ, ನಮ್ಮ ದಾಖಲೆಯ ಪ್ರಕಾರ ಅವೆಲ್ಲವೂ ಮಿತಿಯೊಳಗೇ ಇದ್ದವು. ‘ನಾನೇ ಅಳೆದು ಹಾಕಿದ್ದೀನಿ ಸಾರ್, ಕರೆಕ್ಟಾಗೇ ಇತ್ತು’ ಎಂದು ಆಪರೇಟರ್ ಹೇಳಿದ್ದು ಸುಳ್ಳಲ್ಲ. ಶಾಪಿನಲ್ಲಿ ಮೊದಲು ಕೇಳಿಬಂದ ಕಾರಣ ಇನ್ಸರ್ಟ್ ಸವೆತ, ಅಂದರೆ ಲೋಹ ಕತ್ತರಿಸುವ ಅಲಗಿನ ಸವೆತ. ಆದರೆ ಹೊರಮೈ ಕತ್ತರಿಸುವ ಇನ್ಸರ್ಟ್ ಸವೆದರೆ ವ್ಯಾಸ ದೊಡ್ಡದಾಗುತ್ತದೆಯೇ ಹೊರತು ಸಣ್ಣದಾಗುವುದಿಲ್ಲ. ಆದ್ದರಿಂದ ಆ ದಾರಿಯನ್ನು ಬಿಟ್ಟು, ಯಂತ್ರದಿಂದ ಆಗತಾನೆ ತೆಗೆದ ಬಿಸಿ ಶಾಫ್ಟನ್ನು ಅಳೆಯುತ್ತಿರುವುದೇ ಕಾರಣವಿರಬಹುದೆಂದು ಯೋಜನೆಯ ಹಾಳೆಯಲ್ಲಿ ಬರೆದೆವು. 25 ಮಿಲಿಮೀಟರ್ ಉಕ್ಕು 20 ಡಿಗ್ರಿ ಬಿಸಿಯಾದರೆ ಸುಮಾರು 6 ಮೈಕ್ರಾನ್ ಹಿಗ್ಗುತ್ತದೆ. ನಮಗಿರುವ ಅವಕಾಶದ ಕಾಲು ಭಾಗಕ್ಕಿಂತ ಹೆಚ್ಚನ್ನು ಅದೊಂದೇ ನುಂಗಿಬಿಡುತ್ತದೆ. ಬಿಸಿಯಲ್ಲಿ ದೊಡ್ಡದಾಗಿ ಕಂಡದ್ದನ್ನು ನೋಡಿ ಆಪರೇಟರ್, ಯಂತ್ರದಲ್ಲಿ ಅಲಗಿನ ಸ್ಥಾನವನ್ನು ತಿದ್ದುವ ಅಂಕಿಯಾದ ಆಫ್‌ಸೆಟ್ ಇಳಿಸುತ್ತಾನೆ, ಶಾಫ್ಟ್ ತಣಿದ ಮೇಲೆ ಕೆಳಮಿತಿಯನ್ನು ದಾಟಿ ಹೋಗುತ್ತದೆ ಎಂಬುದು ನಮ್ಮ ತರ್ಕವಾಗಿತ್ತು.

ಇಲ್ಲಿ ನಾನು ಹಟ ಹಿಡಿದದ್ದು ಊಹೆಯನ್ನು ಅಂಕಿಯಲ್ಲಿ ಬರೆಯಬೇಕೆಂಬುದಕ್ಕೆ. ‘ಬಿಸಿಯಲ್ಲಿ ಅಳೆದದ್ದಕ್ಕೂ ತಣಿದ ಮೇಲೆ ಅಳೆದದ್ದಕ್ಕೂ 4ರಿಂದ 6 ಮೈಕ್ರಾನ್ ವ್ಯತ್ಯಾಸ ಬರಬೇಕು’ ಎಂದು ಬರೆದು, ದಿನಾಂಕ ಹಾಕಿ, ಸಹಿ ಮಾಡಿದ ಮೇಲೆಯೇ ಯಂತ್ರ ಚಾಲೂ ಮಾಡಿಸಿದೆ. ‘ಸುಧಾರಣೆ ನಿರೀಕ್ಷಿಸಲಾಗಿದೆ’ ಎಂಬಂಥ ವಾಕ್ಯವನ್ನು ಬರೆದರೆ ಫಲಿತಾಂಶ ಏನೇ ಬಂದರೂ ಅದು ನಿಜವೇ ಆಗುತ್ತದೆ, ಅದರಿಂದ ಯಾರೂ ಏನನ್ನೂ ಕಲಿಯುವುದಿಲ್ಲ. ಒಂದೇ ಯಂತ್ರ, ಒಂದೇ ಶಿಫ್ಟ್ ಎಂದು ಗೊತ್ತುಮಾಡಿಕೊಂಡು, ಪ್ರತಿ ಶಾಫ್ಟಿಗೂ ಮಾರ್ಕರ್‌ನಿಂದ ಸಂಖ್ಯೆ ಬರೆದು, ತೆಗೆದ ಕೂಡಲೇ ಒಮ್ಮೆ, ಗ್ರಾನೈಟ್ ಮೇಜಿನ ಮೇಲೆ ಚೆನ್ನಾಗಿ ತಣಿದ ಮೇಲೆ ಇನ್ನೊಮ್ಮೆ ಅದೇ ಮೈಕ್ರೊಮೀಟರಿನಲ್ಲಿ ಅಳೆದು, ಎರಡು ಕಾಲಂಗಳಲ್ಲಿ ಬರೆಸಿದೆವು.

ಆ ಶಿಫ್ಟಿನಲ್ಲಿ ಆಫ್‌ಸೆಟ್ ಮುಟ್ಟಬಾರದೆಂಬ ಷರತ್ತನ್ನು ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಒಳ್ಳೆಯ ಆಪರೇಟರಿಗೆ ಕೈ ಸುಮ್ಮನಿರುವುದಿಲ್ಲ. ಒಂದು ಶಾಫ್ಟ್ 3 ಮೈಕ್ರಾನ್ ಏರಿದರೆ ಇಳಿಸುತ್ತಾನೆ, ಮುಂದಿನದು ಇಳಿದರೆ ಏರಿಸುತ್ತಾನೆ. ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ವಾಲ್ಟರ್ ಶೂಹಾರ್ಟ್ 1924ರಲ್ಲಿ, ಅಳತೆಗಳನ್ನು ಮಿತಿಗೆರೆಗಳ ನಡುವೆ ಚುಕ್ಕಿಗಳಾಗಿ ತೋರಿಸುವ ನಿಯಂತ್ರಣ ನಕ್ಷೆಯನ್ನು ರೂಪಿಸಿದ್ದು ಇಂಥ ಗೊಂದಲವನ್ನು ಬಿಡಿಸುವುದಕ್ಕಾಗಿಯೇ: ಯಾವುದೇ ಪ್ರಕ್ರಿಯೆಯಲ್ಲಿ ಸಹಜವಾಗಿ ಇದ್ದೇ ಇರುವ ಏರಿಳಿತ ಬೇರೆ, ನಿರ್ದಿಷ್ಟ ಕಾರಣದಿಂದ ಹುಟ್ಟುವ ಏರಿಳಿತ ಬೇರೆ. ಮೊದಲನೆಯದನ್ನು ಎರಡನೆಯದೆಂದು ತಿಳಿದು ಪ್ರತಿ ಬಾರಿಯೂ ತಿದ್ದಲು ಹೋದರೆ ಏರಿಳಿತ ಕಡಿಮೆಯಾಗುವುದರ ಬದಲು ಹೆಚ್ಚುತ್ತದೆ. 1950ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಎಂಜಿನಿಯರುಗಳಿಗೂ ಉದ್ಯಮಿಗಳಿಗೂ ಉಪನ್ಯಾಸ ಕೊಟ್ಟ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್ ಅವರು ಶೂಹಾರ್ಟ್ ಅವರ ವಿಚಾರಗಳನ್ನೇ ಮುಂದುವರಿಸಿದವರು. ನಾಲ್ಕು ಹೆಜ್ಜೆಗಳ ಚಕ್ರ ಇಂದಿನ ರೂಪ ತಾಳಿದ್ದು ಆ ನಂತರ ಜಪಾನಿಯರ ಕೈಯಲ್ಲಿ. ನಮ್ಮ ಆಪರೇಟರಿಗೆ ಈ ಇತಿಹಾಸವನ್ನು ಹೇಳಿ ಪ್ರಯೋಜನವಿರಲಿಲ್ಲ. ಆಫ್‌ಸೆಟ್ ಮುಟ್ಟದೆ ತೆಗೆದ ಶಾಫ್ಟ್‌ಗಳ ಅಳತೆಗಳನ್ನೂ ಮುಟ್ಟುತ್ತ ತೆಗೆದವುಗಳ ಅಳತೆಗಳನ್ನೂ ಗ್ರಾಫ್ ಹಾಳೆಯಲ್ಲಿ ಅವರ ಕೈಯಿಂದಲೇ ಚುಕ್ಕಿ ಹಾಕಿಸಿದಾಗ, ಎರಡನೆಯ ಸಾಲು ಹೆಚ್ಚು ಕುಣಿದಾಡಿರುವುದು ಅವರಿಗೇ ಕಾಣಿಸಿತು. ಅಲ್ಲಿಂದ ಮುಂದೆ ನಾನು ವಾದ ಮಾಡಬೇಕಾಗಿ ಬರಲಿಲ್ಲ.

ಬಿಸಿ ಮತ್ತು ತಣಿದ ಅಳತೆಗಳ ವ್ಯತ್ಯಾಸ ನಾವು ಬರೆದಿಟ್ಟ ಮಿತಿಯೊಳಗೇ ಬಂತು. ಆದರೆ ಊಹೆಯಲ್ಲಿಲ್ಲದ ಇನ್ನೊಂದು ಸಂಗತಿಯೂ ಆ ಹಾಳೆಯಲ್ಲಿತ್ತು: ಬೆಳಿಗ್ಗೆ ಯಂತ್ರ ಶುರುವಾದ ಮೇಲೆ ಕೆಲ ಹೊತ್ತಿನವರೆಗೆ, ತಣಿದ ಶಾಫ್ಟ್‌ಗಳ ಅಳತೆ ಕೂಡ ನಿಧಾನವಾಗಿ ಒಂದೇ ದಿಕ್ಕಿಗೆ ಸರಿಯುತ್ತಿತ್ತು. ಶಾಫ್ಟನ್ನು ತಿರುಗಿಸುವ ಸ್ಪಿಂಡಲ್ ಮತ್ತು ಅಲಗನ್ನು ಸರಿಸುವ ತಿರುಪಾದ ಬಾಲ್‌ಸ್ಕ್ರೂ ಬಿಸಿಯೇರಿ ಹಿಗ್ಗುವುದರ ಪರಿಣಾಮ ಅದು. ಊಹೆಯನ್ನು ಮೊದಲೇ ಬರೆದಿಟ್ಟಿದ್ದರಿಂದಲೇ ಅದಕ್ಕೆ ಹೊರತಾದದ್ದು ಕಣ್ಣಿಗೆ ಬಿತ್ತು. ಎರಡನ್ನೂ ಒಟ್ಟಿಗೆ ಸರಿಪಡಿಸಹೊರಟರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲವಾದ್ದರಿಂದ, ಯಂತ್ರವನ್ನು ಮೊದಲು ಖಾಲಿ ಓಡಿಸಿ ಬಿಸಿ ಮಾಡುವ ವಿಚಾರವನ್ನು ಮುಂದಿನ ಚಕ್ರಕ್ಕೆ ಬಿಟ್ಟು, ಅಳೆಯುವ ಕ್ರಮವನ್ನು ಮಾತ್ರ ಮೊದಲು ಬದಲಿಸಿದೆವು. ಶಾಫ್ಟನ್ನು ತಣ್ಣನೆಯ ಕೂಲೆಂಟ್ ತೊಟ್ಟಿಯಲ್ಲಿ ಅದ್ದಿ, ಒರೆಸಿ, ಅದೇ ಉಕ್ಕಿನ, ಅದೇ ಅಳತೆಯ ಮಾಸ್ಟರ್ (ನಿಖರ ಅಳತೆಯ ಮಾದರಿ ತುಂಡು) ಒಂದನ್ನು ಪಕ್ಕದಲ್ಲಿಯೇ ಇಟ್ಟುಕೊಂಡು ಅದಕ್ಕೆ ಹೋಲಿಸಿ ಅಳೆಯುವುದು ನಿಯಮವಾಯಿತು. ನಮ್ಮಲ್ಲಿ ಕನ್ನಡ, ಹಿಂದಿ, ಒಡಿಯಾ ಮಾತನಾಡುವ ಹುಡುಗರಿರುವುದರಿಂದ ಆ ನಿಯಮವನ್ನು ಬರಹಕ್ಕಿಂತ ಹೆಚ್ಚಾಗಿ ಫೋಟೋಗಳಲ್ಲಿ ಯಂತ್ರದ ಬಾಗಿಲ ಪಕ್ಕ ಅಂಟಿಸಿದ್ದೇವೆ.

ಇದೇ ಹಾಳೆ ಮನೆಗೆ ಬಂದದ್ದು ಅಮ್ಮನ ರಕ್ತದೊತ್ತಡದ ಕಾರಣಕ್ಕೆ. ಬಿ.ಪಿ. ಮಷೀನು ದಿನಕ್ಕೊಂದು ಅಂಕಿ ತೋರಿಸುತ್ತಿತ್ತು; ‘ಇವತ್ತು ಜಾಸ್ತಿ ಇದೆ ಕಣೋ, ಉಪ್ಪು ಬಿಡ್ತೀನಿ’ ಎನ್ನುವುದು, ಮರುದಿನ ಕಡಿಮೆ ಬಂದರೆ ಉಪ್ಪಿನಕಾಯಿ ಭರಣಿ ತೆರೆಯುವುದು ನಡೆದೇ ಇತ್ತು. ಆಫ್‌ಸೆಟ್ ಏರಿಸಿ ಇಳಿಸುವ ಆಪರೇಟರಿಗೂ ಅಮ್ಮನಿಗೂ ನನಗೆ ವ್ಯತ್ಯಾಸ ಕಾಣಲಿಲ್ಲ. ಕಾಫಿ ಕುಡಿದ ಕೂಡಲೇ, ಮಹಡಿ ಹತ್ತಿ ಬಂದ ಕೂಡಲೇ, ಮಾತನಾಡುತ್ತಲೇ ಅಳೆದರೆ ಅಂಕಿ ಏರುವುದು ಸಹಜ. ಕಾಫಿಗೆ ಮೊದಲು, ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ಮನೆ ಕುಳಿತು, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಒಂದು ನಿಮಿಷದ ಅಂತರದಲ್ಲಿ ಎರಡು ಬಾರಿ ಅಳೆದು ಎರಡನ್ನೂ ಬರೆಯುವುದು ಎಂದು ಗೊತ್ತುಮಾಡಿ, ‘ಹೀಗೆ ಅಳೆದರೆ ದಿನದಿಂದ ದಿನಕ್ಕೆ ಆಗುವ ಏರಿಳಿತ ಕಡಿಮೆಯಾಗಬೇಕು’ ಎಂದು ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟೆ. ಬೆಳಗಿನ ಅಂಕಿಗಳು ನಿಜಕ್ಕೂ ಒಂದು ಹದಕ್ಕೆ ಬಂದವು; ಸಂಜೆಯವು ಮಾತ್ರ ಮೇಲೆಯೇ ಉಳಿದವು. ಮಾತ್ರೆಯ ವಿಷಯದಲ್ಲಿ ನಾವು ಕೈಯಾಡಿಸುವಂತಿಲ್ಲವಾದ್ದರಿಂದ ಪುಸ್ತಕವನ್ನು ವೈದ್ಯರ ಮುಂದಿಟ್ಟೆವು. ಅವರು ಪುಟಗಳನ್ನು ತಿರುವಿ ನೋಡಿ ಮಾತ್ರೆಯ ವೇಳೆಯನ್ನು ಬದಲಿಸಿದರು. ಅಳತೆ ನೆಟ್ಟಗಿಲ್ಲದಿದ್ದರೆ ಆ ಸಂಜೆಯ ಏರಿಕೆ ಗದ್ದಲದಲ್ಲಿ ಕಾಣದೆಯೇ ಹೋಗುತ್ತಿತ್ತು.

ಎಲ್ಲದಕ್ಕೂ ಈ ಹಾಳೆ ಒಗ್ಗುತ್ತದೆಂದು ನಾನು ಹೇಳಲಾರೆ. ಸ್ಪಿಂಡಲ್ ಬೇರಿಂಗ್ ಮುರಿದು ಯಂತ್ರ ನಿಂತಾಗ ಮೊದಲು ಮೆಕ್ಯಾನಿಕ್ ಬೇಕು, ಚಕ್ರ ಆಮೇಲೆ. ಮಗಳ ಓದಿಗೂ ಇದನ್ನು ತರಲು ಹೋಗಿಲ್ಲ. ಅಂಕಗಳು ಬರುವುದು ತಿಂಗಳುಗಳ ನಂತರ, ಅಷ್ಟು ಹೊತ್ತಿಗೆ ಯಾವ ಬದಲಾವಣೆಯಿಂದ ಏನಾಯಿತೆಂದು ಹೇಳುವುದು ಅಸಾಧ್ಯ. ಬೇಗ ಬೇಗ ಅಳೆಯಬಲ್ಲ, ಒಂದೊಂದನ್ನೇ ಬದಲಿಸಬಲ್ಲ ಕೆಲಸಗಳಲ್ಲಿಯೇ ಇದರ ಸತ್ವ ಹೆಚ್ಚು.

ಯಂತ್ರವನ್ನು ಬಿಸಿ ಮಾಡುವ ಎರಡನೆಯ ಚಕ್ರವೂ ಮುಗಿದು ಅದರ ನಿಯಮವೂ ಬಾಗಿಲ ಪಕ್ಕ ಸೇರಿದೆ. ಈಚೆಗೆ ಹೊಸ ಲೇತ್ ಒಂದು ಬಂದಿದ್ದು, ಹಳೆಯದಕ್ಕೆ ಮಾಡಿದ ನಿಯಮವನ್ನೇ ಅದಕ್ಕೂ ಅಂಟಿಸಿಬಿಡಬೇಕೆಂದು ಕ್ವಾಲಿಟಿ ವಿಭಾಗದವರ ಸೂಚನೆ. ಹೊಸ ಯಂತ್ರ ಬಿಸಿಯೇರಲು ಅಷ್ಟು ಹೊತ್ತು ಬೇಕಾಗಲಾರದೆಂದು ಆಪರೇಟರ್ ತಾನೇ ಅಂಕಿ ಹಾಕಿ, ಸಹಿ ಮಾಡಿ, ಹಾಳೆಯನ್ನು ನನ್ನ ಮೇಜಿನ ಮೇಲೆ ಇಟ್ಟಿದ್ದಾರೆ. ಮುಂದಿನ ಲಾಟ್ ಶುರುವಾದಾಗ ಅಳೆದು ನೋಡುತ್ತೇವೆ.