ಕುದಿಸಿದರೂ ಕೆಲಸ ಮಾಡಿದ ಪ್ರೋಟೀನು

ಹೊರದೇಶದಿಂದ ತರಿಸಿದ್ದ 5 ಮೈಕ್ರೋಗ್ರಾಂ ಪ್ರೋಟೀನು ಲ್ಯಾಬಿಗೆ ಬಂದ ದಿನ ನಮ್ಮ ಜೂನಿಯರ್ ಹುಡುಗಿ ಆ ಪುಟ್ಟ ಶೀಶೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ, "ಅಕ್ಕ, ಇದರಲ್ಲಿ ಏನೂ ಇಲ್ಲ, ನಮಗೆ ಟೋಪಿ ಹಾಕಿದ್ದಾರೆ" ಅಂದಳು. ಟೋಪಿಯೇನಲ್ಲ. 5 ಮೈಕ್ರೋಗ್ರಾಂ ಅಂದರೆ ಒಂದು ಗ್ರಾಮನ್ನು ಎರಡು ಲಕ್ಷ ಪಾಲು ಮಾಡಿ ಅದರಲ್ಲೊಂದು ಪಾಲು. ತಂಪಿನಲ್ಲಿ ಒಣಗಿಸಿದ ಮೇಲೆ ಗಾಜಿನ ಮೇಲೆ ಪೊರೆಯ ಹಾಗೆ ಕೂತಿರುತ್ತದೆ, ಕೆಲವು ಸಲ ಮುಚ್ಚಳಕ್ಕೇ ಅಂಟಿರುತ್ತದೆ. ಅದಕ್ಕೇ ತೆರೆಯುವ ಮೊದಲು ಸೆಂಟ್ರಿಫ್ಯೂಜಿನಲ್ಲಿ ಒಂದು ಸುತ್ತು ತಿರುಗಿಸಿ ತಳಕ್ಕಿಳಿಸಬೇಕು. ಅವಳು ಅಷ್ಟರಲ್ಲಿ ಮುಚ್ಚಳ ತೆಗೆದಾಗಿತ್ತು. ಎಷ್ಟು ಹೋಯಿತೋ ಎಷ್ಟು ಉಳಿಯಿತೋ, ಬೈಯುವುದಕ್ಕೂ ಮನಸ್ಸು ಬರಲಿಲ್ಲ; ಎರಡು ವರ್ಷದ ಹಿಂದೆ ನಾನೂ ಅದನ್ನೇ ಮಾಡಿದ್ದೆ.

ಶೀಶೆಯಲ್ಲಿದ್ದದ್ದು ಕುದುರೆಯ ಇಂಟರ್‌ಫೆರಾನ್ ಗಾಮಾ. ರೋಗ ಬಂದಾಗ ರಕ್ತದ ಬಿಳಿಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಿಡುವ ಪ್ರೋಟೀನುಗಳಲ್ಲಿ ಇದೂ ಒಂದು. ಟಿ ಕೋಶ ಎಂಬ ಬಿಳಿಕೋಶ ಇದನ್ನು ಬಿಟ್ಟರೆ ಮ್ಯಾಕ್ರೋಫೇಜ್ ಎಂಬ ಇನ್ನೊಂದು ಬಿಳಿಕೋಶ ಎಚ್ಚೆತ್ತು, ತಾನು ನುಂಗಿದ ಬ್ಯಾಕ್ಟೀರಿಯಾವನ್ನು ಹೊಟ್ಟೆಯೊಳಗೇ ಮುಗಿಸುತ್ತದೆ. ಹುಟ್ಟಿದ ಹೊಸದರಲ್ಲಿ ಕುದುರೆಮರಿಯ ಮೈ ಇದನ್ನು ತೀರಾ ಕಡಿಮೆ ತಯಾರಿಸುತ್ತದೆ. ರೋಡೋಕಾಕಸ್ ಈಕ್ವೈ ಎಂಬ ಬ್ಯಾಕ್ಟೀರಿಯಾ ಮರಿಗಳ ಶ್ವಾಸಕೋಶಕ್ಕೆ ಹೊಕ್ಕು ಆ ಮ್ಯಾಕ್ರೋಫೇಜಿನೊಳಗೇ ಸಂಸಾರ ಹೂಡುತ್ತದೆ. ಬೆಳೆದ ಕುದುರೆಗೆ ಸಾಮಾನ್ಯವಾಗಿ ಅದರಿಂದ ಏನೂ ಆಗುವುದಿಲ್ಲ. ಮರಿಯ ಕೋಶಕ್ಕೆ ಹೊರಗಿನಿಂದ ಈ ಪ್ರೋಟೀನು ಕೊಟ್ಟರೆ ಅದು ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡುವುದು ನಮ್ಮ ಗೈಡ್ ಕೊಟ್ಟ ಕೆಲಸ. ಮನುಷ್ಯರ ಇಂಟರ್‌ಫೆರಾನ್ ಗಾಮಾ ಎಲ್ಲಿ ಬೇಕಾದರೂ ಸಿಗುತ್ತದೆ, ಆದರೆ ಇದು ಬಲು ಮಡಿಯ ಪ್ರೋಟೀನು: ಮನುಷ್ಯನದು ಇಲಿಯ ಕೋಶಕ್ಕೆ ನಾಟುವುದಿಲ್ಲ. ಕುದುರೆಗೆ ಕುದುರೆಯದೇ ಆಗಬೇಕು. ಒಂದು ಶೀಶೆಗೆ ನನ್ನ ಒಂದು ತಿಂಗಳ ಫೆಲೋಶಿಪ್‌ಗಿಂತ ಹೆಚ್ಚು ಬೆಲೆ, ಮೇಲೆ ತಿಂಗಳುಗಟ್ಟಲೆ ಕಾಯುವುದು. ನಾವೇ ಮಾಡಿಕೊಳ್ಳೋಣ ಎಂದು ಹೊರಟೆ.

ಜೀನಿನ ಕ್ರಮ ಸಾರ್ವಜನಿಕ ಡೇಟಾಬೇಸಿನಲ್ಲೇ ಇದೆ. 166 ಅಮೈನೋ ಆಮ್ಲಗಳ ಸರ. ಅದರಲ್ಲಿ ಮೊದಲ 23 ಪ್ರೋಟೀನನ್ನು ಕೋಶದಿಂದ ಹೊರಗೆ ಕಳಿಸುವ ವಿಳಾಸದ ಚೀಟಿಯಷ್ಟೆ. ಅವನ್ನು ಕತ್ತರಿಸಿ, ಮುಂದೆ ನಿಕ್ಕಲ್ಲಿಗೆ ಅಂಟುವ ಆರು ಹಿಸ್ಟಿಡಿನ್‌ಗಳ ಬಾಲ ಸೇರಿಸಿ, ಇ. ಕೋಲೈ ಎಂಬ ಬ್ಯಾಕ್ಟೀರಿಯಾಕ್ಕೆ ಒಗ್ಗುವ ಮೂರಕ್ಷರದ ಸಂಕೇತ, ಅಂದರೆ ಕೋಡಾನ್‌ಗಳಲ್ಲಿ ಜೀನನ್ನು ಬರೆಸಿ ತರಿಸಿದೆವು. ಅದರ ಬಿಎಲ್21 ತಳಿಗೆ ಹಾಕಿ, ಜೀನು ಹೊಕ್ಕವು ಮಾತ್ರ ಬದುಕುವ ಕೆನಾಮೈಸಿನ್ ಪ್ಲೇಟಿನಲ್ಲಿ ಕಾಲೊನಿ ಬಂದು, ಬೆಳೆಸಿದ ಕಲ್ಚರಿನ ಮಬ್ಬಿನ ಅಳತೆ (ಓಡಿ) 0.6 ಮುಟ್ಟಿದಾಗ ಜೀನನ್ನು ಎಬ್ಬಿಸುವ ಐಪಿಟಿಜಿ ಕೊಟ್ಟು, 37 ಡಿಗ್ರಿಯಲ್ಲಿ ನಾಲ್ಕು ಗಂಟೆ. ಜೆಲ್‌ನಲ್ಲಿ ಬ್ಯಾಂಡು ಕಂಬಳಿ ಅಂಚಿನ ಹಾಗೆ ದಪ್ಪ. ಖುಷಿ ಒಂದು ರಾತ್ರಿಯದು. ಕೋಶ ಒಡೆದು ತಿರುಗಿಸಿ ನೋಡಿದರೆ ಪ್ರೋಟೀನೆಲ್ಲ ತಳದ ಗಸಿಯಲ್ಲಿ. ಬ್ಯಾಕ್ಟೀರಿಯಾ ಅವಸರದಲ್ಲಿ ಮಾಡಿದ್ದನ್ನು ಸರಿಯಾದ ಆಕಾರಕ್ಕೆ ಮಡಿಸಲು ಪುರುಸೊತ್ತಿಲ್ಲದೆ ಉಂಡೆ ಕಟ್ಟಿ ಮೂಲೆಗೆ ಎಸೆದಿತ್ತು. ಇದಕ್ಕೆ ಇನ್‌ಕ್ಲೂಷನ್ ಬಾಡಿ ಎನ್ನುತ್ತಾರೆ. 18 ಡಿಗ್ರಿಗಿಳಿಸಿ ರಾತ್ರಿಯಿಡೀ ಬೆಳೆಸಿದರೂ ಮೇಲಿನ ನೀರಿಗೆ ಬಂದದ್ದು ಉಪ್ಪಿನಕಾಯಿಗೂ ಸಾಲದಷ್ಟು.

ಉಂಡೆಯನ್ನೇ ತೊಳೆದು 8 ಮೋಲಾರ್ ಯೂರಿಯಾದಲ್ಲಿ ಕರಗಿಸಿ, ನಿಕ್ಕಲ್ ಕಾಲಮ್ಮಿಗೆ ಹಿಡಿಸಿ, ಇಳಿಸಿಕೊಂಡು, ಮತ್ತೆ ಮಡಿಸುವುದೇ ದಾರಿ. ಯೂರಿಯಾ ಅದೇ ದಿನ ಕರಗಿಸಿದ್ದಾಗಿರಬೇಕು, ಬೇಗ ಕರಗಲಿ ಎಂದು ಬಿಸಿ ಮಾಡಬಾರದು. ಹಳಸಿದ ಯೂರಿಯಾದಲ್ಲಿ ಸೈನೇಟ್ ಹುಟ್ಟಿ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಮೊದಲ ಸಲ ಆತುರಪಟ್ಟು ಒಂದೇ ಏಟಿಗೆ ಯೂರಿಯಾ ಇಲ್ಲದ ಬಫರಿಗೆ ಡಯಾಲಿಸಿಸ್ ಹಾಕಿ ಮನೆಗೆ ಹೋದೆ. ಬೆಳಿಗ್ಗೆ ಚೀಲದೊಳಗೆ ಹಾಲು ಒಡೆದಿತ್ತು, ಬಿಳಿ ಎಳೆಗಳು ತೇಲುತ್ತಿದ್ದವು. ಆಮೇಲೆ ಯೂರಿಯಾವನ್ನು 6, 4, 2, 1, ಸೊನ್ನೆ ಮೋಲಾರ್ ಎಂದು ಮೆಟ್ಟಿಲಿಳಿಸಿದೆ. ನಡುವಿನ ಮೆಟ್ಟಿಲುಗಳಲ್ಲಿ ಉಂಡೆ ಕಟ್ಟದ ಹಾಗೆ ಅರ್ಧ ಮೋಲಾರ್ ಅರ್ಜಿನಿನ್ ಹಾಕಿದೆ. ಈ ಪ್ರೋಟೀನಿನಲ್ಲಿ ಗಂಧಕದ ಕೊಂಡಿಗಳಿಲ್ಲ, ಅದೊಂದು ಪುಣ್ಯ. ಇದ್ದಿದ್ದರೆ ಯಾವುದಕ್ಕೆ ಯಾವುದು ಸೇರಬೇಕು ಎಂಬ ಇನ್ನೊಂದು ತಲೆನೋವು. ಮೂರನೇ ಸಲ ನೀರು ತಿಳಿಯಾಗಿ ಉಳಿಯಿತು. ಒಂದು ಲೀಟರ್ ಕಲ್ಚರಿನಿಂದ 4 ಮಿಲಿಗ್ರಾಂ ಸಿಕ್ಕಿತು. ತರಿಸಿದ ಶೀಶೆಯ ಲೆಕ್ಕದಲ್ಲಿ ಎಂಟು ನೂರು ಶೀಶೆ! ಗೈಡ್ ಅಂದು ಎಲ್ಲರಿಗೂ ಮಸಾಲೆದೋಸೆ ಕೊಡಿಸಿದರು.

ಇನ್ನು ರಕ್ತ. ನೈತಿಕ ಸಮಿತಿಯ ಅನುಮತಿ ಕೈಗೆ ಬಂದ ಮೇಲೆ ಬೆಂಗಳೂರಿನ ಹೊರವಲಯದ ಒಂದು ಖಾಸಗಿ ಲಾಯಕ್ಕೆ ಹೋದೆವು. ಸೈಸ್ ಅಣ್ಣ ಹಗ್ಗ ಹಿಡಿದು ಹೆಣ್ಣು ಕುದುರೆಯ ಕಿವಿಯಲ್ಲಿ ಏನೋ ಹೇಳುತ್ತಿದ್ದ, ಡಾಕ್ಟರು ಕತ್ತಿನ ರಕ್ತನಾಳದಿಂದ, ಹೆಪ್ಪುಗಟ್ಟದ ಹಾಗೆ ಹೆಪರಿನ್ ಹಾಕಿದ ಟ್ಯೂಬಿಗೆ ರಕ್ತ ಇಳಿಸಿದರು. ಕುದುರೆಯ ಕೆಂಪುಕೋಶಗಳು ನಾಣ್ಯ ಜೋಡಿಸಿದ ಹಾಗೆ ಒಂದರ ಮೇಲೊಂದು ಪೇರಿಸಿಕೊಂಡು ಬಹಳ ಬೇಗ ತಳ ಸೇರುತ್ತವೆ. ಅರ್ಧ ಗಂಟೆ ಟ್ಯೂಬನ್ನು ನೆಟ್ಟಗೆ ನಿಲ್ಲಿಸಿದರೆ ಸಾಕು, ಮೇಲೆ ಬಿಳಿಕೋಶ ತುಂಬಿದ ಹಳದಿ ಪ್ಲಾಸ್ಮಾ. ಅದನ್ನಷ್ಟೇ ತೆಗೆದು ಕೋಶಗಳನ್ನು ಬೇರ್ಪಡಿಸುವ, 1.077 ಸಾಂದ್ರತೆಯ ಫೈಕಾಲ್ ಎಂಬ ದ್ರವದ ಮೇಲೆ ನಿಧಾನಕ್ಕೆ ಬಿಡಬೇಕು. ಮನುಷ್ಯರ ರಕ್ತದ ಪ್ರೋಟೋಕಾಲನ್ನು ಹಾಗೇ ಎತ್ತಿಕೊಂಡವರು ಇಲ್ಲಿ ಮುಗ್ಗರಿಸುತ್ತಾರೆ.

ಕೋಶಗಳಿಗೆ ನಮ್ಮ ಪ್ರೋಟೀನು ಕೊಟ್ಟು, ಮರುದಿನ ಸಿಎಕ್ಸ್‌ಸಿಎಲ್10 ಎಂಬ ಜೀನು ಎಷ್ಟು ಎದ್ದಿದೆ ಎಂದು ಕ್ಯೂಪಿಸಿಆರ್‌ನಲ್ಲಿ ನೋಡಿದೆವು. ಇಂಟರ್‌ಫೆರಾನ್ ಗಾಮಾ ತಟ್ಟಿದರೆ ಏಳುವ ಜೀನು ಅದು. ಎದ್ದಿತ್ತು, ಅದೂ ತರಿಸಿದ ಶೀಶೆಯ ಪ್ರೋಟೀನಿಗಿಂತ ಜೋರಾಗಿ. ನಾನು ಗ್ರಾಫ್ ಬಿಡಿಸಿ ಗೈಡ್ ಮುಂದಿಟ್ಟೆ. ಅವರು ಕನ್ನಡಕ ಏರಿಸಿಕೊಂಡು ಒಂದೇ ಮಾತು ಕೇಳಿದರು: "ಕುದಿಸಿ ಹಾಕಿ ನೋಡಿದ್ಯೇನಮ್ಮ?"

ನೋಡಿರಲಿಲ್ಲ. ಅದೇ ಪ್ರೋಟೀನನ್ನು 95 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟು, ಆರಿಸಿ, ಕೋಶಗಳಿಗೆ ಕೊಟ್ಟೆ. ಕುದಿಸಿದ ಇಂಟರ್‌ಫೆರಾನ್ ಕೆಟ್ಟುಹೋಗುತ್ತದೆ, ಜೀನು ಮಲಗಿರಬೇಕಿತ್ತು. ಅದು ಮೊದಲಿನಷ್ಟೇ ಜೋರಾಗಿ ಎದ್ದು ಕೂತಿತ್ತು.

ಕೆಲಸ ಮಾಡುತ್ತಿದ್ದದ್ದು ಪ್ರೋಟೀನಲ್ಲ, ಅದನ್ನು ಹೆತ್ತ ಬ್ಯಾಕ್ಟೀರಿಯಾದ ಹೊರಗೋಡೆಯ ಚೂರು. ಎಂಡೋಟಾಕ್ಸಿನ್. ಕುದಿತಕ್ಕೆ ಅದು ಜಗ್ಗುವುದಿಲ್ಲ. ಗಾಜಿನ ಪಾತ್ರೆಯಿಂದ ಅದನ್ನು ಕಳೆಯಲು 250 ಡಿಗ್ರಿಯ ಒಲೆಯಲ್ಲಿ ಅರ್ಧ ಗಂಟೆ ಇಡಬೇಕು. ಅದನ್ನು ಸಹಿಸದ ಪ್ರಾಣಿಗಳಲ್ಲಿ ಕುದುರೆ ಮುಂದಿನ ಸಾಲಿನದು. ಹೊಟ್ಟೆಶೂಲೆಯಲ್ಲಿ ಕರುಳು ಕೆಟ್ಟು ಈ ಚೂರುಗಳು ರಕ್ತಕ್ಕೆ ಸೋರಿದರೆ ಕುದುರೆ ಆಘಾತಕ್ಕೆ ಹೋಗುತ್ತದೆ, ಬದುಕಿದರೂ ಗೊರಸು ಊದಿ ಕುಂಟಾಗಬಹುದು. ಪ್ರಯೋಗಗಳಲ್ಲಿ ಕುದುರೆಗೆ ಜ್ವರ ಬರಿಸಲು ಮೈತೂಕದ ಕಿಲೋಗೆ 30 ನ್ಯಾನೋಗ್ರಾಂ ಸಾಕಾಗುತ್ತದೆ. 450 ಕಿಲೋ ಕುದುರೆಗೆ ಲೆಕ್ಕ ಹಾಕಿ: 13.5 ಮೈಕ್ರೋಗ್ರಾಂ. ನಮ್ಮ ಹುಡುಗಿಯ ಕಣ್ಣಿಗೆ ಖಾಲಿ ಕಂಡ ಶೀಶೆಯಂಥ ಮೂರನ್ನೂ ಅದು ತುಂಬುವುದಿಲ್ಲ.

ಎಷ್ಟಿದೆ ಎಂದು ಅಳೆಯಬೇಕಲ್ಲ. ಅದಕ್ಕೆ ಬಳಸುವ ಎಲ್‌ಎಎಲ್ ಪರೀಕ್ಷೆ ತಯಾರಾಗುವುದು ಲಾಳದ ಏಡಿ ಎಂಬ ಕಡಲ ಪ್ರಾಣಿಯ ನೀಲಿ ರಕ್ತದ ಕೋಶಗಳಿಂದ. ಎಂಡೋಟಾಕ್ಸಿನ್ ಸೋಕಿದರೆ ಅದು ಹೆಪ್ಪುಗಟ್ಟುತ್ತದೆ. ಕುದುರೆಯ ಪ್ರೋಟೀನಿಗೆ ಲಾಳ ಇಲ್ಲೂ ತಪ್ಪಲಿಲ್ಲ ನೋಡಿ. ನಮ್ಮ ಸ್ಯಾಂಪಲನ್ನು ಸಾವಿರ ಪಟ್ಟು ತೆಳು ಮಾಡಿದರೂ ಅಳತೆಯ ಗೆರೆ ದಾಟಿ ಹೋಯಿತು.

ಕಳೆಯುವುದೂ ಸುಲಭವಲ್ಲ. ಇಂಟರ್‌ಫೆರಾನ್ ಗಾಮಾ ಧನ ವಿದ್ಯುದಂಶ ತುಂಬಿಕೊಂಡ ಪ್ರೋಟೀನು, ಎಂಡೋಟಾಕ್ಸಿನ್ ಋಣದ್ದು. ಗಂಟುಬಿದ್ದ ಮೇಲೆ ಬಿಡಿಸುವುದು ಕಷ್ಟ. ಮಡಿಸಿ ಮುಗಿದ ಪ್ರೋಟೀನನ್ನು ತೊಳೆಯಲು ಹೋಗಿ ಅರ್ಧ ಕಳೆದುಕೊಂಡೆ. ಕೊನೆಗೆ ಕೈಹಿಡಿದದ್ದು ಇನ್ನೂ ಕಾಲಮ್ಮಿನಲ್ಲಿ ಕೂತಿರುವಾಗಲೇ ತೊಳೆಯುವ ಉಪಾಯ. ಕೋಲ್ಡ್ ರೂಮಿನಲ್ಲಿ, ಟ್ರೈಟನ್ ಎಕ್ಸ್-114 ಎಂಬ ಮಾರ್ಜಕ ಬೆರೆಸಿದ ಬಫರನ್ನು ಕಾಲಮ್ಮಿನ ಅಳತೆಯ ಐವತ್ತು ಪಟ್ಟು ಹರಿಸಿದೆ. ನಾಲ್ಕು ಡಿಗ್ರಿಯ ಚಳಿ, ಮೇಲೆ ಸ್ವೆಟರ್, ಕೈಯಲ್ಲಿ ಪುಸ್ತಕ, ಹನಿ ಹನಿ ಎಣಿಸುತ್ತ ಒಂದು ಇಡೀ ಮಧ್ಯಾಹ್ನ. ಆಮೇಲೆ ಮಾರ್ಜಕವೇ ಉಳಿಯದ ಹಾಗೆ ಬರೀ ಬಫರಿನಲ್ಲಿ ಅಷ್ಟೇ ಹೊತ್ತು. ಅಲ್ಲಿಂದಾಚೆಗೆ ಮುಟ್ಟಿದ ಪ್ರತಿ ನೀರು, ಪ್ರತಿ ಟಿಪ್ಪು, ಪ್ರತಿ ಬಾಟ್ಲಿ ಎಂಡೋಟಾಕ್ಸಿನ್ ಇಲ್ಲದ್ದೇ. ಒತ್ತಡದ ಹಬೆಯಲ್ಲಿ ಬೇಯಿಸಿ ಆಟೋಕ್ಲೇವ್ ಮಾಡಿದರೆ ಸಾಕು ಎಂದುಕೊಂಡಿದ್ದೆ. ಅದು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಹೆಣವನ್ನು ಅಲ್ಲೇ ಬಿಡುತ್ತದೆ.

ಎರಡು ತಿಂಗಳ ಮೇಲೆ ಮತ್ತೆ ಅದೇ ಲಾಯ, ಅದೇ ಕುದುರೆ. ಸೈಸ್ ಅಣ್ಣ "ಮೇಡಂ, ಇನ್ನೂ ಮುಗೀಲಿಲ್ವಾ ನಿಮ್ಮ ಪರೀಕ್ಷೆ?" ಎಂದು ನಕ್ಕ. ಈ ಸಲ ಪ್ಲೇಟಿನಲ್ಲಿ ನಾಲ್ಕು ಸಾಲು: ಹಸಿ ಪ್ರೋಟೀನು, ಕುದಿಸಿದ್ದು, ಎಂಡೋಟಾಕ್ಸಿನನ್ನು ಹಿಡಿದು ಕಟ್ಟಿಹಾಕುವ ಪಾಲಿಮಿಕ್ಸಿನ್ ಬಿ ಬೆರೆಸಿದ್ದು, ಬರೀ ಬಫರ್. ಹಸಿಯದು ಎದ್ದಿತು. ಪಾಲಿಮಿಕ್ಸಿನ್ ಹಾಕಿದ್ದೂ ಅಷ್ಟೇ ಎದ್ದಿತು. ಕುದಿಸಿದ್ದು ಬಫರಿನ ಪಕ್ಕದಲ್ಲಿ ತೆಪ್ಪಗೆ ಮಲಗಿತ್ತು. ಗ್ರಾಫಿನ ಎತ್ತರ ಮಾತ್ರ ಹಿಂದಿನ ಕಾಲು ಭಾಗವೂ ಇಲ್ಲ, ತರಿಸಿದ ಶೀಶೆಗೆ ಹೋಲಿಸಿದರೆ ಮೂರನೇ ಒಂದು ಪಾಲು ಶಕ್ತಿ. ಎಲ್ಲ ಸರಗಳೂ ಸರಿಯಾಗಿ ಮಡಿಸಿಕೊಂಡಿಲ್ಲ ಎಂದರ್ಥ. ಮಿಲಿಗ್ರಾಂ ಲೆಕ್ಕದಲ್ಲಿ ಕೈಯಲ್ಲಿದ್ದಾಗ ಮೂರು ಪಟ್ಟು ಹಾಕಿದರಾಯಿತು, ನನಗೇನೂ ಬೇಸರವಿಲ್ಲ.

ಈಗ ಅದು 20 ಮೈಕ್ರೋಲೀಟರಿನ ಪುಟ್ಟ ಪಾಲುಗಳಾಗಿ ಮೈನಸ್ 80ರಲ್ಲಿದೆ. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸುವುದಿಲ್ಲ, ಉಳಿದರೆ ಚೆಲ್ಲುತ್ತೇವೆ. ಮೊದಲ ಬ್ಯಾಚಿನಲ್ಲಿ ಉಳಿದದ್ದನ್ನು ಮಾತ್ರ ಚೆಲ್ಲಲಿಲ್ಲ. ಅದೇ ಡಬ್ಬಿಯ ಕೊನೇ ಸಾಲಿನಲ್ಲಿದೆ, ಮುಚ್ಚಳದ ಮೇಲೆ ಜೂನಿಯರ್ ಹುಡುಗಿ ಕೆಂಪು ಮಾರ್ಕರಿನಲ್ಲಿ 'ಮಸಾಲೆದೋಸೆ' ಎಂದು ಬರೆದಿದ್ದಾಳೆ. ಎಂಡೋಟಾಕ್ಸಿನ್ ಇದ್ದರೆ ಕೋಶ ಹೇಗೆ ಕುಣಿಯುತ್ತದೆ ಎಂದು ಹೊಸಬರಿಗೆ ತೋರಿಸಬೇಕಾದಾಗ ಅದನ್ನೇ ತೆಗೆಯುತ್ತೇವೆ.